ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಎಲ್ಲರಿಗೂ ಬೇಡವೆನ್ನುವ ತಪಾಸಣೆ ಕೆಲವರಿಗೆ ಏಕೆ ಬೇಕು?

ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಬಗ್ಗೆ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ರೋಗಲಕ್ಷಣ ಇಲ್ಲದವರು ಈ ಕ್ಯಾನ್ಸರಿಗಾಗಿ ತಪಾಸಣೆ ಮಾಡಿಸುವುದು ಬೇಡ ಎನ್ನುತ್ತದೆ ಒಂದು ಸುದ್ದಿ. ವರ್ಷಕ್ಕೊಮ್ಮೆ ತಪಾಸಣೆಗೆ ಒಳಗಾದವರಲ್ಲಿ ಕ್ಯಾನ್ಸರ್ ಬಂದರೂ ಅರ್ಧದಷ್ಟು ಜನ ಐದು ವರ್ಷ ದಾಟಿ ಬದುಕಿದ್ದಾರೆ ಎನ್ನುತ್ತದೆ ಇನ್ನೊಂದು. ಬೇರೆ ಕಾರಣಕ್ಕೆ ತೆಗೆಸಿದ ಸಿಟಿ ಸ್ಕ್ಯಾನಿನಲ್ಲೇ ಕೃತಕ ಬುದ್ಧಿಮತ್ತೆ ಈ ಗಡ್ಡೆಯನ್ನು ಪತ್ತೆಹಚ್ಚುತ್ತಿದೆ ಎಂಬುದು ಮೂರನೆಯದು. ಮೂರರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಸುದ್ದಿಯೂ ಬೇರೆ ಬೇರೆ ಗುಂಪಿನ ಜನರ ಬಗ್ಗೆ ಮಾತಾಡುತ್ತಿದೆ, ಅಷ್ಟೆ. ಆದರೆ ಆ ಮಾತು ತಲೆಬರಹದಲ್ಲಿ ಇರುವುದಿಲ್ಲ.

‘ಬೇಡ’ ಎಂದವರು ಯಾರಿಗೆ ಹೇಳಿದರು?

ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2019ರಲ್ಲಿ ತನ್ನ ಹಳೆಯ ನಿಲುವನ್ನೇ ಮತ್ತೆ ಎತ್ತಿಹಿಡಿಯಿತು: ಲಕ್ಷಣಗಳಿಲ್ಲದ ವಯಸ್ಕರಿಗೆ ಈ ತಪಾಸಣೆ ಬೇಡ. ಆದರೆ ಆನುವಂಶಿಕ ಸಿಂಡ್ರೋಮ್ ಇರುವವರಿಗೆ ಅಥವಾ ಮನೆತನದಲ್ಲಿ ಈ ಕ್ಯಾನ್ಸರ್ ಹಬ್ಬಿರುವವರಿಗೆ ಈ ಶಿಫಾರಸು ಅನ್ವಯಿಸುವುದಿಲ್ಲ ಎಂದು ಅದೇ ದಾಖಲೆಯಲ್ಲಿ ಸ್ಪಷ್ಟವಾಗಿದೆ. ಅದರ ಮರುವರ್ಷ, 2020ರಲ್ಲಿ, ಮೇದೋಜೀರಕ ಕ್ಯಾನ್ಸರ್ ತಪಾಸಣೆಯ ಅಂತರರಾಷ್ಟ್ರೀಯ ತಜ್ಞಕೂಟವಾದ ‘ಕ್ಯಾಪ್ಸ್’, ಹೀಗೆ ಹೊರಗುಳಿದವರಿಗೆ ಯಾವ ಪರೀಕ್ಷೆ, ಯಾವ ವಯಸ್ಸಿನಿಂದ, ಎಷ್ಟು ಅಂತರದಲ್ಲಿ ಮಾಡಬೇಕೆಂದು ಪರಿಷ್ಕೃತ ಮಾರ್ಗಸೂಚಿ ಹೊರತಂದಿತು. ಎರಡರ ನಡುವೆ ಜಗಳವೇನೂ ಇಲ್ಲ.

ಲೆಕ್ಕ ತಿರುಗುವ ಜಾಗ

ಈ ಕ್ಯಾನ್ಸರ್ ಭೀಕರ, ಆದರೆ ಅಪರೂಪ. ಅಮೆರಿಕದ ಅಂಕಿಅಂಶದ ಪ್ರಕಾರ ಜೀವಮಾನದಲ್ಲಿ ಇದು ಬರುವ ಸಂಭವ ನೂರಕ್ಕೆ ಎರಡಕ್ಕೂ ಕಡಿಮೆ. ಬಂದವರಲ್ಲಿ ಐದು ವರ್ಷ ಬದುಕುವವರು ಸುಮಾರು ಶೇ 13 ಮಾತ್ರ. ಎರಡನೆಯ ಸಂಖ್ಯೆ ಕಂಡಾಗ ‘ಎಲ್ಲರನ್ನೂ ಪರೀಕ್ಷಿಸಿಬಿಡಿ’ ಎನಿಸುತ್ತದೆ. ಮೊದಲನೆಯದು ಅದಕ್ಕೆ ಅಡ್ಡ ನಿಲ್ಲುತ್ತದೆ.

ಲೆಕ್ಕಕ್ಕಾಗಿ ಒಂದು ಒಳ್ಳೆಯ ಪರೀಕ್ಷೆಯನ್ನು ಊಹಿಸಿಕೊಳ್ಳೋಣ. ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ 90 ಮಂದಿಯನ್ನು ಅದು ಹಿಡಿಯುತ್ತದೆ. ಇಲ್ಲದ ನೂರು ಮಂದಿಯಲ್ಲಿ 95 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುತ್ತದೆ. ಇದನ್ನು ಒಂದು ಲಕ್ಷ ಸಾಮಾನ್ಯ ಜನರಿಗೆ ಮಾಡಿದೆವು, ಅವರಲ್ಲಿ ಆ ವರ್ಷ 20 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ 18 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಏನೂ ಇಲ್ಲದ ಸುಮಾರು 5,000 ಮಂದಿಗೆ ‘ಅನುಮಾನವಿದೆ’ ಎನ್ನುತ್ತದೆ. ಅನುಮಾನದ ವರದಿ ಬಂದ ಸುಮಾರು 280 ಮಂದಿಯಲ್ಲಿ ಒಬ್ಬರಿಗೆ ಮಾತ್ರ ನಿಜವಾದ ಕ್ಯಾನ್ಸರ್. ಉಳಿದವರೆಲ್ಲ ಮತ್ತೊಂದು ಸ್ಕ್ಯಾನ್, ಸೂಜಿ ಪರೀಕ್ಷೆ, ಕೆಲವರಂತೂ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗುತ್ತದೆ.

ಅದೇ ಪರೀಕ್ಷೆಯನ್ನು ಆ ವರ್ಷ 10 ಮಂದಿಗೆ ಕ್ಯಾನ್ಸರ್ ಇರುವ 1,000 ಮಂದಿಯ ಗುಂಪಿಗೆ ಮಾಡಿ. 9 ಕ್ಯಾನ್ಸರ್ ಸಿಗುತ್ತವೆ, ಸುಳ್ಳು ಅನುಮಾನ ಸುಮಾರು 50. ಈಗ ಆರೇಳು ಅನುಮಾನಗಳಲ್ಲಿ ಒಂದು ನಿಜ. ಪರೀಕ್ಷೆ ಎಳ್ಳಷ್ಟೂ ಬದಲಾಗಿಲ್ಲ. ಬದಲಾದದ್ದು ಅದರ ಮುಂದೆ ಕೂತ ಜನ. ವರ್ಷಕ್ಕೆ ನೂರಕ್ಕೆ ಒಂದು ಎಂಬ ಪ್ರಮಾಣ ಅತಿಹೆಚ್ಚು ಅಪಾಯದ ಜೀನ್ ಹೊತ್ತವರಿಗೆ ಮಾತ್ರ ಹೊಂದುತ್ತದೆ ಎಂಬುದನ್ನು ಮರೆಯಬಾರದು. ‘ನಮ್ಮ ಮನೆಯಲ್ಲಿ ಒಬ್ಬರಿಗೆ ಬಂದಿತ್ತು’ ಎನ್ನುವ ಎಲ್ಲರೂ ಆ ಮಟ್ಟದಲ್ಲಿರುವುದಿಲ್ಲ.

ಗ್ರಂಥಿ ಇರುವ ಜಾಗ, ಗಡ್ಡೆಯ ವೇಗ

ಜಠರದ ಹಿಂದೆ, ಬೆನ್ನೆಲುಬಿಗೆ ಹತ್ತಿರವಾಗಿ ಅಡ್ಡ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಇದು. ಕೈಯಿಂದ ಒತ್ತಿ ನೋಡಿದರೆ ಸಿಗುವುದಿಲ್ಲ. ತಲೆಭಾಗದಲ್ಲಿ ಗಡ್ಡೆ ಎದ್ದರೆ ಪಿತ್ತನಾಳವನ್ನು ಒತ್ತಿ ಕಾಮಾಲೆ ತರಿಸಬಹುದು, ಅಷ್ಟರಮಟ್ಟಿಗೆ ಬೇಗ ಗೊತ್ತಾಗಬಹುದು. ನಡುಭಾಗ ಅಥವಾ ಬಾಲದಲ್ಲಿ ಎದ್ದದ್ದು ನರಗಳನ್ನೋ ರಕ್ತನಾಳಗಳನ್ನೋ ತಲುಪುವವರೆಗೆ ಸದ್ದಿಲ್ಲದೆ ಬೆಳೆಯುತ್ತದೆ.

ದೊಡ್ಡ ಕರುಳಿನ ತಪಾಸಣೆ ಯಶಸ್ವಿಯಾಗಿರುವುದು ಕ್ಯಾನ್ಸರ್ ಆಗುವ ಮೊದಲೇ ಪಾಲಿಪ್ (ಒಳಗೋಡೆಯಲ್ಲಿ ಏಳುವ ಮಾಂಸದ ಗಂಟು) ಕಣ್ಣಿಗೆ ಬೀಳುವುದರಿಂದ. ಕಂಡ ಕೂಡಲೇ ಅಲ್ಲೇ ಕತ್ತರಿಸಬಹುದು. ಮೇದೋಜೀರಕದಲ್ಲಿ ಆ ಅನುಕೂಲ ಇಲ್ಲ. ಕ್ಯಾನ್ಸರಿನ ಪೂರ್ವಸ್ಥಿತಿಗಳಲ್ಲಿ ಹೆಚ್ಚಿನವು ನಾಳದ ಒಳಪದರದಲ್ಲಿ 5 ಮಿಲಿಮೀಟರಿಗಿಂತ ಚಿಕ್ಕದಾಗಿ ಹುಟ್ಟುತ್ತವೆ, ಯಾವ ಸ್ಕ್ಯಾನಿಗೂ ನೇರವಾಗಿ ಕಾಣುವುದಿಲ್ಲ. ಸ್ಕ್ಯಾನಿಗೆ ಕಾಣುವ ಪೂರ್ವಸ್ಥಿತಿ ಎಂದರೆ ನಾಳಕ್ಕೆ ಸೇರಿಕೊಂಡ, ಲೋಳೆ ತುಂಬಿದ ಕೆಲವು ಬಗೆಯ ಸಿಸ್ಟ್‌ಗಳು (ಚೀಲದಂಥ ಗುಳ್ಳೆಗಳು) ಮಾತ್ರ.

ವೇಗದ ವಿಷಯದಲ್ಲಿ ಒಂದು ಒಗಟು ಇದೆ. 2010ರಲ್ಲಿ ಪ್ರಕಟವಾದ ಜೀನ್ ವಿಶ್ಲೇಷಣೆಯೊಂದು, ಮೊದಲ ರೂಪಾಂತರದಿಂದ ಕ್ಯಾನ್ಸರ್‌ಕೋಶ ಹುಟ್ಟುವವರೆಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ ಎಂದು ಅಂದಾಜು ಮಾಡಿತು. ಅಂದರೆ ಸಮಯ ಧಾರಾಳವಾಗಿದೆ. ಆದರೆ 2015ರ ಇನ್ನೊಂದು ವಿಶ್ಲೇಷಣೆ, ಗಡ್ಡೆ ಒಂದು ಸಲ ಕಾಣುವ ಗಾತ್ರಕ್ಕೆ ಬಂದಮೇಲೆ ಆರಂಭಿಕ ಹಂತದಿಂದ ಮುಂದುವರಿದ ಹಂತಕ್ಕೆ ಹೋಗಲು ಸರಾಸರಿ ಒಂದು ವರ್ಷದ ಆಸುಪಾಸು ಸಾಕು ಎಂದಿತು. ಕಾಣದೆ ಇರುವ ಕಾಲ ದೀರ್ಘ, ಕಾಣುವ ಕಾಲ ಗಿಡ್ಡ. ತಪಾಸಣೆಯ ಅಂತರ ಹನ್ನೆರಡು ತಿಂಗಳು ಎಂದು ನಿಗದಿಯಾಗಿರುವುದಕ್ಕೂ, ಅದೂ ಕೆಲವೊಮ್ಮೆ ಸಾಲದೆ ಹೋಗುವುದಕ್ಕೂ ಕಾರಣ ಇದೇ.

ಹೆಚ್ಚಿನ ಅಪಾಯದವರೆಂದರೆ ಯಾರು?

ಎರಡು ದಾರಿಯಲ್ಲಿ ಜನ ಈ ಪಟ್ಟಿಗೆ ಬರುತ್ತಾರೆ. ಒಂದು, ಹುಟ್ಟಿನಿಂದಲೇ ಬಂದ ಜೀನ್ ದೋಷ. ಇನ್ನೊಂದು, ಯಾವ ಜೀನ್ ದೋಷವೂ ಸಿಗದಿದ್ದರೂ ಮನೆತನದಲ್ಲಿ ಹಲವರಿಗೆ ಬಂದಿರುವುದು.

ಜೀನ್‌ಗಳೆಲ್ಲ ಒಂದೇ ತೂಕದವಲ್ಲ. ಸಿಡಿಕೆಎನ್2ಎ ಎಂಬ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಜೊತೆಗೂ ನಂಟಿರುವ ಜೀನ್ ಕೆಟ್ಟಿದ್ದರೆ ಜೀವಮಾನದ ಅಪಾಯ ಶೇ 15–20ರಷ್ಟು. ತುಟಿಯ ಮೇಲೆ ಕಪ್ಪು ಚುಕ್ಕೆ, ಕರುಳಿನಲ್ಲಿ ಪಾಲಿಪ್ ತರುವ ಪ್ಯೂಟ್ಸ್-ಜೆಗರ್ಸ್ ಸಿಂಡ್ರೋಮಿನ ಎಸ್‌ಟಿಕೆ11 ಜೀನ್ ಇನ್ನೂ ಅಪಾಯಕಾರಿ. ಈ ಎರಡರಲ್ಲೂ ಮನೆತನದ ಇತಿಹಾಸ ಏನೇ ಇರಲಿ, 40ನೇ ವಯಸ್ಸಿಗೆ ತಪಾಸಣೆ ಶುರುವಾಗಬೇಕು ಎನ್ನುತ್ತದೆ ಕ್ಯಾಪ್ಸ್. ಚಿಕ್ಕಂದಿನಿಂದ ಮತ್ತೆ ಮತ್ತೆ ಗ್ರಂಥಿಯ ಉರಿಯೂತ ತರುವ ಪಿಆರ್‌ಎಸ್‌ಎಸ್1 ದೋಷದವರೂ ಇದೇ ಸಾಲಿನವರು.

ಬಿಆರ್‌ಸಿಎ2, ಎಟಿಎಂ, ಪಿಎಎಲ್‌ಬಿ2 ಜೀನ್‌ಗಳು ಮಧ್ಯಮ ವರ್ಗದವು. ಮೊದಲೆರಡರಲ್ಲಿ ಜೀವಮಾನದ ಅಪಾಯ ಶೇ 5–10ರ ಆಸುಪಾಸು, ಮೂರನೆಯದರಲ್ಲಿ ಅದಕ್ಕೂ ಕಡಿಮೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗಾದರೂ ಮೇದೋಜೀರಕ ಕ್ಯಾನ್ಸರ್ ಬಂದಿದ್ದರೆ 45–50ನೇ ವಯಸ್ಸಿಗೆ, ಇಲ್ಲವೇ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿಗೆ ರೋಗ ಬಂದವರಿಗಿಂತ ಹತ್ತು ವರ್ಷ ಮೊದಲೇ ಆರಂಭಿಸಬೇಕು ಎಂಬುದು ಸಾಮಾನ್ಯ ನಿಯಮ. ಬಿಆರ್‌ಸಿಎ ಎಂದರೆ ಹೆಂಗಸರ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಜೀನ್ ಎಂದೇ ಪ್ರಸಿದ್ಧಿ. ಹಾಗಾಗಿ ತಂದೆಯ ಕಡೆಯ ಇತಿಹಾಸವನ್ನು ಕೇಳುವವರೂ ಹೇಳುವವರೂ ಕಡಿಮೆ. ಈ ದೋಷ ತಂದೆಯಿಂದಲೂ ತಾಯಿಯಿಂದಲೂ ಸಮಾನವಾಗಿ ಬರುತ್ತದೆ; ಪ್ರತಿ ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ.

ಎರಡನೆಯ ದಾರಿಯ ಲೆಕ್ಕ ಹೀಗೆ. ಇಂಥ ಮನೆತನಗಳ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ತೀರಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಒಬ್ಬರಿಗೆ ಬಂದಿದ್ದರೆ ಅಪಾಯ ಸುಮಾರು 4.6 ಪಟ್ಟು, ಇಬ್ಬರಿಗಾದರೆ 6.4 ಪಟ್ಟು, ಮೂವರು ಅಥವಾ ಹೆಚ್ಚಿನವರಿಗಾದರೆ 32 ಪಟ್ಟು. ಒಬ್ಬರಿಗೆ ಮಾತ್ರ ಬಂದಿದ್ದು ಜೀನ್ ದೋಷವೂ ಇಲ್ಲದಿದ್ದರೆ ತಪಾಸಣೆಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಇದು ಅನೇಕರಿಗೆ ಅನ್ಯಾಯವೆನಿಸುತ್ತದೆ, ಆದರೆ ಮೇಲಿನ ಲೆಕ್ಕವೇ ಇಲ್ಲೂ ನಡೆಯುವುದು.

ಜೀನ್ ಪರೀಕ್ಷೆ ಮೊದಲು ರೋಗಿಗೆ

ಈ ವಿಷಯದಲ್ಲಿ ಅತಿಹೆಚ್ಚು ನಷ್ಟವಾಗುವುದು ಸ್ಕ್ಯಾನಿನ ಕೋಣೆಯಲ್ಲಲ್ಲ, ಅದಕ್ಕೂ ಮೊದಲಿನ ಹಂತದಲ್ಲಿ. ಮನೆಯಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಆಗಿದೆ, ಮಕ್ಕಳು ತಮಗೂ ಇದೆಯೇ ಎಂದು ರಕ್ತ ಕೊಡುತ್ತಾರೆ, ವರದಿ ‘ದೋಷವಿಲ್ಲ’ ಎಂದು ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ರೋಗಿಯಲ್ಲಿ ಯಾವ ದೋಷ ಇತ್ತು ಎಂಬುದೇ ಗೊತ್ತಿಲ್ಲದಿದ್ದರೆ ಮಕ್ಕಳ ‘ಇಲ್ಲ’ ಎಂಬ ಉತ್ತರಕ್ಕೆ ಅರ್ಥ ಕಡಿಮೆ. ಇರುವ ದೋಷ ಮಗುವಿಗೆ ದಾಟಲಿಲ್ಲವೋ, ಅಥವಾ ಆ ಮನೆತನದ ದೋಷ ಪರೀಕ್ಷೆಯ ಪಟ್ಟಿಯಲ್ಲೇ ಇಲ್ಲವೋ ಹೇಳಲಾಗದು. ರೋಗಿಯಲ್ಲಿ ನಿರ್ದಿಷ್ಟ ದೋಷ ಸಿಕ್ಕಿದ್ದು, ಅದೇ ದೋಷ ಮಗಳಲ್ಲಿ ಇಲ್ಲ ಎಂದಾದರೆ ಮಾತ್ರ ಆಕೆ ನಿಜವಾಗಿ ನಿರಾಳವಾಗಬಹುದು.

ಆದ್ದರಿಂದಲೇ ಅಮೆರಿಕದ ರಾಷ್ಟ್ರೀಯ ಸಮಗ್ರ ಕ್ಯಾನ್ಸರ್ ಜಾಲವು ಈ ಕ್ಯಾನ್ಸರ್ ಪತ್ತೆಯಾದ ಪ್ರತಿಯೊಬ್ಬರಿಗೂ, ಮನೆತನದ ಇತಿಹಾಸ ಇರಲಿ ಬಿಡಲಿ, ಆನುವಂಶಿಕ ಜೀನ್ ಪರೀಕ್ಷೆ ಮಾಡಿಸಬೇಕೆಂದು ಹೇಳುತ್ತದೆ. ಹತ್ತಿಪ್ಪತ್ತು ರೋಗಿಗಳಲ್ಲಿ ಒಬ್ಬರಿಗಾದರೂ ಇಂಥ ದೋಷ ಸಿಗುತ್ತದೆ. ಬಿಆರ್‌ಸಿಎ ಸಿಕ್ಕರೆ ಆ ರೋಗಿಯ ಔಷಧದ ಆಯ್ಕೆಯೂ ಬದಲಾಗಬಹುದು. ಪರೀಕ್ಷೆಗೆ ರಕ್ತ ಅಥವಾ ಎಂಜಲು ಸಾಕು. ತಡಮಾಡುವಂತಿಲ್ಲ, ಏಕೆಂದರೆ ಈ ರೋಗದಲ್ಲಿ ಕೆಲವೇ ತಿಂಗಳಲ್ಲಿ ಆ ಅವಕಾಶ ಕೈತಪ್ಪಬಹುದು.

ವರದಿಯಲ್ಲಿ ‘ಅನಿಶ್ಚಿತ ಮಹತ್ವದ ಬದಲಾವಣೆ’ ಎಂದು ಬಂದರೆ ಅದು ದೋಷವೆಂದು ಲೆಕ್ಕವಲ್ಲ. ಅದೊಂದನ್ನೇ ನಂಬಿ ವರ್ಷವರ್ಷ ತಪಾಸಣೆಗೆ ಇಳಿಯಬಾರದು. ಪ್ರಯೋಗಾಲಯಗಳು ಇಂಥವನ್ನು ಮುಂದೆ ಮರುವರ್ಗೀಕರಿಸುತ್ತವೆ, ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ.

ವರ್ಷಕ್ಕೊಮ್ಮೆ ಏನೇನು ಮಾಡುತ್ತಾರೆ

ಮುಖ್ಯವಾಗಿ ಎರಡು ಪರೀಕ್ಷೆ. ಒಂದು ಎಂಆರ್‌ಐ, ಅದರ ಜೊತೆಗೆ ನಾಳಗಳ ಚಿತ್ರ ಕೊಡುವ ಎಂಆರ್‌ಸಿಪಿ. ಇನ್ನೊಂದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಚಿಕ್ಕದಾಗಿ ಇಯುಎಸ್. ಕೆಲವು ಕೇಂದ್ರಗಳಲ್ಲಿ ಒಂದು ವರ್ಷ ಇದು, ಮರುವರ್ಷ ಅದು ಎಂದು ಸರದಿಯಲ್ಲಿ ಮಾಡುತ್ತಾರೆ.

ಇಯುಎಸ್‌ನಲ್ಲಿ ತುದಿಗೆ ಅಲ್ಟ್ರಾಸೌಂಡ್ ಇರುವ ನಳಿಕೆಯನ್ನು ಬಾಯಿಯ ಮೂಲಕ ಜಠರಕ್ಕೂ ಅಲ್ಲಿಂದ ಸಣ್ಣ ಕರುಳಿನ ಮೊದಲ ಭಾಗಕ್ಕೂ ಇಳಿಸುತ್ತಾರೆ. ಹೊಟ್ಟೆಯ ಮೇಲಿನಿಂದ ಮಾಡುವ ಸಾಮಾನ್ಯ ಸ್ಕ್ಯಾನಿಗೆ ಕೊಬ್ಬು ಮತ್ತು ಗಾಳಿ ಅಡ್ಡ ಬರುತ್ತವೆ. ಇಲ್ಲಿ ಗ್ರಂಥಿ ಗೋಡೆಯ ಆಚೆಗೇ ಇರುತ್ತದೆ, ಹಾಗಾಗಿ ಕೆಲವೇ ಮಿಲಿಮೀಟರಿನ ಗಟ್ಟಿ ಗಂಟೂ ಕಾಣಬಲ್ಲದು. ಅಗತ್ಯವಾದರೆ ಅದೇ ನಳಿಕೆಯಿಂದ ಸೂಜಿ ಹಾಯಿಸಿ ತುಣುಕು ತೆಗೆಯಬಹುದು. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು, ಮಂಪರು ಔಷಧ ಕೊಡುವುದರಿಂದ ಜೊತೆಗೊಬ್ಬರು ಬೇಕು, ಆ ದಿನ ವಾಹನ ಓಡಿಸುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಇದರ ದೌರ್ಬಲ್ಯವೆಂದರೆ ಎಲ್ಲವೂ ನಳಿಕೆ ಹಿಡಿದವರ ಕಣ್ಣು ಮತ್ತು ಅನುಭವದ ಮೇಲೆ ನಿಂತಿದೆ. ಉರಿಯೂತದಿಂದ ಗಾಯಗಟ್ಟಿ, ಸುಣ್ಣ ಕೂಡಿದ ಗ್ರಂಥಿಯಲ್ಲಂತೂ ಇಯುಎಸ್ ಮಂಕಾಗುತ್ತದೆ. ಆನುವಂಶಿಕ ಉರಿಯೂತದವರಲ್ಲಿ ಕ್ಯಾನ್ಸರ್ ಹುಡುಕಲು ಇದನ್ನು ಬಳಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುವುದಕ್ಕೆ ಹಿನ್ನೆಲೆ ಇದೇ.

ಎಂಆರ್‌ಐ ಸಿಸ್ಟ್‌ಗಳನ್ನೂ ನಾಳದ ಹಿಗ್ಗು ಕುಗ್ಗುಗಳನ್ನೂ ಚೆನ್ನಾಗಿ ತೋರಿಸುತ್ತದೆ, ವಿಕಿರಣವಿಲ್ಲ, ಮಂಪರು ಬೇಡ. ಇಕ್ಕಟ್ಟಿನ ಭಯ ಇರುವವರಿಗೆ, ಕೆಲವು ಬಗೆಯ ಪೇಸ್‌ಮೇಕರ್ ಇರುವವರಿಗೆ ಕಷ್ಟ. ಸಿಟಿ ಸ್ಕ್ಯಾನನ್ನು ವಾರ್ಷಿಕ ತಪಾಸಣೆಗೆ ಮೊದಲ ಆಯ್ಕೆಯಾಗಿ ಬಳಸುವುದಿಲ್ಲ. ಪ್ರತಿವರ್ಷದ ವಿಕಿರಣ ಒಂದು ಕಾರಣ, ಚಿಕ್ಕದನ್ನು ಬಿಟ್ಟುಬಿಡುವುದು ಇನ್ನೊಂದು. 216 ಮಂದಿಯ ಮೇಲೆ ಮೂರನ್ನೂ ಹೋಲಿಸಿದ ಕ್ಯಾಪ್ಸ್‌ನ 2012ರ ಅಧ್ಯಯನದಲ್ಲಿ ಇಯುಎಸ್ ಸುಮಾರು ಶೇ 43 ಮಂದಿಯಲ್ಲಿ ಏನಾದರೊಂದು ಬದಲಾವಣೆ ಕಂಡಿತು, ಎಂಆರ್‌ಐ ಶೇ 33ರಲ್ಲಿ, ಸಿಟಿ ಶೇ 11ರಲ್ಲಿ ಮಾತ್ರ.

ಇವುಗಳ ಜೊತೆ ವರ್ಷಕ್ಕೊಮ್ಮೆ ಖಾಲಿಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ). ಐವತ್ತು ದಾಟಿದವರಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಂಡರೆ, ನೂರರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ತೂಕ ಇಳಿಯುತ್ತಲೇ ಸಕ್ಕರೆ ಏರಿದರೆ ಅನುಮಾನ ಹೆಚ್ಚು.

ಒಂದು ಸಣ್ಣ ವಿಷಯ, ಆದರೆ ಇದರಿಂದಲೇ ಎಷ್ಟೋ ಸಲ ಕೆಲಸ ಕೆಡುತ್ತದೆ: ಈ ವರ್ಷದ 4 ಮಿಲಿಮೀಟರ್ ಚುಕ್ಕೆಗೆ ಅರ್ಥ ಬರುವುದು ಹೋದ ವರ್ಷ ಅಲ್ಲಿ ಏನಿತ್ತು ಎಂದು ನೋಡಿದಾಗ. ವರದಿಯ ಕಾಗದ ಸಾಲದು, ಚಿತ್ರಗಳ ಸಿಡಿಯನ್ನೇ ಇಟ್ಟುಕೊಂಡು ಒಯ್ಯಬೇಕು. ಆದಷ್ಟೂ ಒಂದೇ ಕೇಂದ್ರದಲ್ಲಿ ಮಾಡಿಸುವುದು ಮೇಲು.

ಏನಾದರೂ ಕಂಡರೆ

ಮೇಲಿನ ಶೇ 43 ಎಂಬ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ಅದರಲ್ಲಿ ಹೆಚ್ಚಿನವು ಚಿಕ್ಕ ಸಿಸ್ಟ್‌ಗಳು. ವಯಸ್ಸಾದಂತೆ ಸಾಮಾನ್ಯರಲ್ಲೂ ಇರುತ್ತವೆ. ಆ 216 ಮಂದಿಯಲ್ಲಿ ಶಸ್ತ್ರಚಿಕಿತ್ಸೆಗೆ ಹೋದವರು ಐವರು, ಅವರಲ್ಲಿ ಮೂವರ ಗ್ರಂಥಿಯಲ್ಲಿ ಕ್ಯಾನ್ಸರಿನ ಹೊಸ್ತಿಲಲ್ಲಿದ್ದ ಕೋಶಗಳು ಸಿಕ್ಕವು.

ಚಿತ್ರ ಸ್ವಚ್ಛವಾಗಿದ್ದರೆ ಅಥವಾ ನಿರುಪದ್ರವಿ ಸಿಸ್ಟ್ ಮಾತ್ರ ಇದ್ದರೆ ಮುಂದಿನ ಭೇಟಿ ಹನ್ನೆರಡು ತಿಂಗಳಿಗೆ. ಏನೆಂದು ಹೇಳಲಾಗದ ಬದಲಾವಣೆಯಿದ್ದರೆ ಮೂರರಿಂದ ಆರು ತಿಂಗಳಿಗೆ. 5 ಮಿಲಿಮೀಟರ್ ಅಥವಾ ದೊಡ್ಡದಾದ ಗಟ್ಟಿ ಗಂಟು, ಮುಖ್ಯ ನಾಳ ಒಮ್ಮೆಲೇ ಕಿರಿದಾಗಿ ಅದರ ಹಿಂದಿನ ಭಾಗ ಹಿಗ್ಗಿರುವುದು, ಇವು ತಕ್ಷಣ ನೋಡಬೇಕಾದವು. ನಾಳದ ಕಿರಿದಾಗುವಿಕೆ ಕೆಲವೊಮ್ಮೆ ಗಂಟಿಗಿಂತ ಮೊದಲೇ ಕಾಣುತ್ತದೆ, ಆದ್ದರಿಂದ ಅದನ್ನು ಹಗುರವಾಗಿ ಬಿಡುವಂತಿಲ್ಲ. ಸಿಎ 19-9 ಎಂಬ ವಸ್ತುವನ್ನು ಅಳೆಯುವ ರಕ್ತಪರೀಕ್ಷೆ ಬಳಕೆಗೆ ಬರುವುದು ಈ ಹಂತದಲ್ಲಿ. ಅದೊಂದನ್ನೇ ತಪಾಸಣೆಯಾಗಿ ಮಾಡಿಸುವುದು ವ್ಯರ್ಥ: ಪಿತ್ತನಾಳ ಕಟ್ಟಿದರೂ, ಗ್ರಂಥಿಯ ಉರಿಯೂತದಲ್ಲೂ ಏರುತ್ತದೆ, ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹ ಈ ವಸ್ತುವನ್ನು ತಯಾರಿಸುವುದೇ ಇಲ್ಲ, ಅವರಲ್ಲಿ ಕ್ಯಾನ್ಸರ್ ಇದ್ದರೂ ವರದಿ ತಣ್ಣಗಿರುತ್ತದೆ.

ಶಸ್ತ್ರಚಿಕಿತ್ಸೆ ದೊಡ್ಡದು. ತಲೆಭಾಗದಲ್ಲಿದ್ದರೆ ಅದರ ಜೊತೆಗೆ ಸಣ್ಣ ಕರುಳಿನ ಮೊದಲ ಭಾಗವನ್ನೂ ಪಿತ್ತನಾಳದ ತುಂಡನ್ನೂ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ, ಬಾಲದಲ್ಲಿದ್ದರೆ ಆ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಪಳಗಿದ ಕೇಂದ್ರಗಳಲ್ಲೂ ಮೂವರಲ್ಲಿ ಒಬ್ಬರಿಗಾದರೂ ಸೋರಿಕೆ, ಸೋಂಕಿನಂಥ ತೊಡಕು ಬರುತ್ತದೆ. ಆಮೇಲೆ ಮಧುಮೇಹ ಬರಬಹುದು, ಊಟದ ಜೊತೆ ಕಿಣ್ವದ ಮಾತ್ರೆ ಬೇಕಾಗಬಹುದು. ಕತ್ತರಿಸಿ ತೆಗೆದದ್ದರಲ್ಲಿ ಅಪಾಯಕಾರಿಯಾದದ್ದೇನೂ ಇರಲಿಲ್ಲ ಎಂದು ಗೊತ್ತಾದರೆ ಆರೋಗ್ಯವಂತರೊಬ್ಬರನ್ನು ರೋಗಿ ಮಾಡಿದಂತೆಯೇ. ಶಸ್ತ್ರವೈದ್ಯರು, ಎಂಡೋಸ್ಕೋಪಿ ತಜ್ಞರು, ರೇಡಿಯಾಲಜಿಸ್ಟ್, ಜೀನ್ ತಜ್ಞರು ಒಟ್ಟಿಗೆ ಕೂತು ತೀರ್ಮಾನಿಸುವ ಕೇಂದ್ರದಲ್ಲೇ ಈ ತಪಾಸಣೆ ನಡೆಯಬೇಕೆಂದು ಎಲ್ಲ ಮಾರ್ಗಸೂಚಿಗಳೂ ಪಟ್ಟು ಹಿಡಿಯುವುದು ಇದಕ್ಕೇ.

ಪ್ರಯೋಜನದ ಪುರಾವೆ ಎಷ್ಟು ಗಟ್ಟಿ?

ಹುರಿದುಂಬಿಸುವ ಸಂಖ್ಯೆಗಳು ಇವೆ. ಕ್ಯಾಪ್ಸ್ ಗುಂಪಿನ 1,731 ಮಂದಿಯ ಮೇಲಿನ ವರದಿ 2024ರಲ್ಲಿ ಬಂತು. ಅವರಲ್ಲಿ 26 ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು. ಮೊದಲ ಹಂತದಲ್ಲೇ ಸಿಕ್ಕಿದ್ದು ಶೇ 38.5; ತಪಾಸಣೆಯಿಲ್ಲದ ಹೋಲಿಕೆಯ ಗುಂಪಿನಲ್ಲಿ ಶೇ 10.3. ಐದು ವರ್ಷ ಬದುಕಿದವರು ಶೇ 50, ಹೋಲಿಕೆಯ ಗುಂಪಿನಲ್ಲಿ ಶೇ 9. ಸುದ್ದಿಯಲ್ಲಿ ಬಂದ ‘ಅರ್ಧದಷ್ಟು ಜನ’ ಇವರೇ.

ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಸಿಡಿಕೆಎನ್2ಎ ದೋಷವಿರುವ 347 ಮಂದಿಯನ್ನು ಹಿಂಬಾಲಿಸಿದ ಅಧ್ಯಯನ 2022ರದ್ದು. 31 ಮಂದಿಗೆ ಒಟ್ಟು 36 ಕ್ಯಾನ್ಸರ್. ಅವುಗಳಲ್ಲಿ ಶೇ 83 ತೆಗೆಯಬಹುದಾದ ಸ್ಥಿತಿಯಲ್ಲಿದ್ದವು. ಸಾಮಾನ್ಯವಾಗಿ ಈ ಪ್ರಮಾಣ ಶೇ 20ರ ಆಸುಪಾಸು ಮಾತ್ರ. ಆದರೂ ಐದು ವರ್ಷದ ಉಳಿವು ಶೇ 32.4ಕ್ಕೆ ನಿಂತಿತು. ತೆಗೆಯಲು ಬಂದದ್ದೆಲ್ಲ ವಾಸಿಯಾಗುವುದಿಲ್ಲ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಟೀಕಾಕಾರರ ಪ್ರಶ್ನೆ ಬೇರೆ. ಒಬ್ಬರು 62ಕ್ಕೆ ತೀರಿಕೊಳ್ಳುವವರು ಎಂದಿಟ್ಟುಕೊಳ್ಳಿ. ಲಕ್ಷಣ ಕಂಡು 61ಕ್ಕೆ ಪತ್ತೆಯಾದರೆ ‘ಒಂದು ವರ್ಷ ಬದುಕಿದರು’. ಸ್ಕ್ಯಾನಿನಲ್ಲಿ 58ಕ್ಕೇ ಪತ್ತೆಯಾದರೆ ‘ನಾಲ್ಕು ವರ್ಷ ಬದುಕಿದರು’. ಸಾವಿನ ದಿನ ಅದೇ, ಲೆಕ್ಕ ಶುರುವಾದ ದಿನ ಮಾತ್ರ ಹಿಂದಕ್ಕೆ ಹೋಗಿದೆ. ಜೊತೆಗೆ, ವರ್ಷಕ್ಕೊಂದು ಸ್ಕ್ಯಾನಿನ ಬಲೆಗೆ ನಿಧಾನವಾಗಿ ಬೆಳೆಯುವ ಗಡ್ಡೆಗಳೇ ಹೆಚ್ಚು ಬೀಳುತ್ತವೆ. ಈ ಅನುಮಾನ ಪೂರ್ತಿ ಹೋಗಲಾಡಿಸುವುದು ತಪಾಸಣೆ ಮಾಡಿದ ಮತ್ತು ಮಾಡದ ಗುಂಪುಗಳನ್ನು ಚೀಟಿ ಎತ್ತಿದಂತೆ ವಿಂಗಡಿಸುವ ಪ್ರಯೋಗ ಮಾತ್ರ. ಅಂಥದ್ದು ನಡೆದಿಲ್ಲ. ಸಾವಿರಾರು ಮಂದಿ, ಹತ್ತಾರು ವರ್ಷ ಬೇಕು. ಮನೆಯಲ್ಲಿ ಮೂವರನ್ನು ಕಳೆದುಕೊಂಡವರಿಗೆ ‘ನಿಮಗೆ ತಪಾಸಣೆ ಇಲ್ಲದ ಚೀಟಿ ಬಂತು’ ಎನ್ನುವುದೂ ಸುಲಭವಲ್ಲ. ಐದು ವರ್ಷದ ಉಳಿವಿನಲ್ಲಿ ಶೇ 50 ಮತ್ತು ಶೇ 9ರ ನಡುವಿನಷ್ಟು ಅಗಲದ ಅಂತರ ಬರೀ ಲೆಕ್ಕದ ಮಾಯೆಯಿಂದ ಬರುವುದು ಕಷ್ಟ, ಆದರೆ ಅದರಲ್ಲಿ ಒಂದು ಪಾಲು ಮಾಯೆಯದ್ದೇ ಇರಬಹುದು ಎಂದು ಓದುವುದು ನ್ಯಾಯ.

ತಜ್ಞರ ನಡುವಿನ ಭಿನ್ನಮತ

ಸಿಡಿಕೆಎನ್2ಎ, ಎಸ್‌ಟಿಕೆ11 ವಿಷಯದಲ್ಲಿ ವಾದವಿಲ್ಲ. ವಾದ ಇರುವುದು ಅಂಚಿನ ಗುಂಪುಗಳಲ್ಲಿ. ಬಿಆರ್‌ಸಿಎ ದೋಷವಿದ್ದು ಮನೆಯಲ್ಲಿ ಯಾರಿಗೂ ಈ ಕ್ಯಾನ್ಸರ್ ಬಂದಿರದಿದ್ದರೆ? ಕ್ಯಾಪ್ಸ್ 2020ರಲ್ಲಿ ಮನೆತನದ ಇತಿಹಾಸ ಬೇಕೇಬೇಕು ಎಂದಿತು. ಅಮೆರಿಕದ ಜಠರ-ಕರುಳು ಎಂಡೋಸ್ಕೋಪಿ ಸಂಘ 2022ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಷರತ್ತು ಇಟ್ಟುಕೊಂಡರೆ ಚಿಕ್ಕ ಕುಟುಂಬದವರು, ಸಂಬಂಧಿಕರು ಬೇರೆ ಕಾರಣಕ್ಕೆ ಬೇಗ ತೀರಿಕೊಂಡವರು ತಪ್ಪಿಹೋಗುತ್ತಾರೆ. ಕೈಬಿಟ್ಟರೆ ಪಟ್ಟಿ ಹಲವು ಪಟ್ಟು ಉದ್ದವಾಗಿ, ಅಪಾಯ ಕಡಿಮೆ ಇರುವವರೇ ತುಂಬಿಕೊಂಡು ಸುಳ್ಳು ಅನುಮಾನಗಳ ಪಾಲು ಏರುತ್ತದೆ.

ಇನ್ನೊಂದು ತುದಿಯಲ್ಲಿ, ಇತಿಹಾಸ ಇದ್ದೂ ಜೀನ್ ದೋಷ ಇಲ್ಲದವರು. 366 ಮಂದಿಯ ಡಚ್ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಬಂದ ಹತ್ತೂ ಮಂದಿ ಜೀನ್ ದೋಷ ಇದ್ದವರೇ. ದೋಷವಿಲ್ಲದ 201 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಇವರ ತಪಾಸಣೆ ತಡವಾಗಿ ಶುರುವಾಗಲಿ, ಅಂತರ ಹೆಚ್ಚಲಿ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಹಾಗೆಂದು ಇಂಥ ಮನೆತನಗಳಲ್ಲಿ ಇನ್ನೂ ಹೆಸರಿಡದ ಜೀನ್ ಇರಲಾರದು ಎನ್ನುವಂತಿಲ್ಲ.

ಕೃತಕ ಬುದ್ಧಿಮತ್ತೆಯ ಕತೆ ಚಿಕ್ಕದು. ಅಲಿಬಾಬಾದ ಸಂಶೋಧನಾ ಸಂಸ್ಥೆ ರೂಪಿಸಿದ ‘ಪಾಂಡಾ’ ಎಂಬ ತಂತ್ರಾಂಶ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಇಲ್ಲದ ಸಿಟಿ ಚಿತ್ರಗಳಲ್ಲಿ ಗಡ್ಡೆ ಹಿಡಿದ ವರದಿ 2023ರಲ್ಲಿ ಪ್ರಕಟವಾಯಿತು. ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಕಣ್ತಪ್ಪಿದ್ದನ್ನು ಹಿಡಿಯಲು ಇದು ಒಳ್ಳೆಯದು. ಹೆಚ್ಚಿನ ಅಪಾಯದವರ ವಾರ್ಷಿಕ ಇಯುಎಸ್, ಎಂಆರ್‌ಐಗೆ ಬದಲಿ ಎಂದು ಯಾವ ಮಾರ್ಗಸೂಚಿಯೂ ಒಪ್ಪಿಕೊಂಡಿಲ್ಲ. ಒಂದೇ ರಕ್ತದ ಮಾದರಿಯಲ್ಲಿ ಹಲವು ಕ್ಯಾನ್ಸರ್ ಹುಡುಕುವ ಪರೀಕ್ಷೆಗಳಿಗೂ ಸದ್ಯಕ್ಕೆ ಇದೇ ಮಾತು.

ಎರಡು ಸ್ಕ್ಯಾನ್‌ಗಳ ನಡುವೆ

2,552 ಮಂದಿಯ ಅಂತರರಾಷ್ಟ್ರೀಯ ಗುಂಪೊಂದರಲ್ಲಿ ಕ್ಯಾನ್ಸರ್ ಅಥವಾ ಅದರ ಹೊಸ್ತಿಲಿಗೆ ಬಂದವರು 28. ಅವರಲ್ಲಿ 13 ಮಂದಿಯ ಗಡ್ಡೆ ಹಿಂದಿನ ತಪಾಸಣೆಯಲ್ಲಿ ಇರಲೇ ಇಲ್ಲ, ಆಮೇಲೆ ಹೊಸದಾಗಿ ಎದ್ದದ್ದು. ಹೋದ ತಿಂಗಳ ವರದಿ ಸ್ವಚ್ಛವಾಗಿತ್ತು ಎಂದು ಲಕ್ಷಣಗಳನ್ನು ತಳ್ಳಿಹಾಕುವಂತಿಲ್ಲ. ಕಾರಣವಿಲ್ಲದ ತೂಕ ಇಳಿತ, ಬೆನ್ನಿಗೆ ಹಾಯುವ ಮೇಲ್ಹೊಟ್ಟೆಯ ನೋವು, ಕಾಮಾಲೆ, ಜಿಡ್ಡು ತೇಲುವ ತೆಳು ಬಣ್ಣದ ಮಲ, ಹಠಾತ್ ಮಧುಮೇಹ, ಇವುಗಳಲ್ಲಿ ಯಾವುದಾದರೂ ಬಂದರೆ ಮುಂದಿನ ಸರದಿಗೆ ಕಾಯದೆ ಹೋಗಬೇಕು. ತಪಾಸಣೆ ತಪ್ಪಿಸಿದವರ ಗತಿಯೂ ದಾಖಲಾಗಿದೆ: ಕ್ಯಾಪ್ಸ್‌ನದ್ದೇ 2022ರ ವರದಿಯಲ್ಲಿ, ತಪಾಸಣೆಯಿಂದ ಹೊರಗುಳಿದಮೇಲೆ ಕ್ಯಾನ್ಸರ್ ಪತ್ತೆಯಾದ ಏಳು ಮಂದಿಯಲ್ಲಿ ಆರು ಮಂದಿಗೆ ಅದು ಆಗಲೇ ಬೇರೆ ಅಂಗಗಳಿಗೆ ಹರಡಿತ್ತು.

ಧೂಮಪಾನ ಈ ಕ್ಯಾನ್ಸರಿನ ಅಪಾಯವನ್ನು ಸುಮಾರು ದುಪ್ಪಟ್ಟು ಮಾಡುತ್ತದೆ. ರೋಗ ಹಬ್ಬಿದ ಮನೆತನಗಳಲ್ಲಿ ಸೇದುವವರಿಗೆ ಸೇದದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬಂದದ್ದೂ ಕಂಡಿದೆ. ಈ ಪಟ್ಟಿಯಲ್ಲಿರುವವರು ಸ್ವತಃ ಬದಲಾಯಿಸಬಹುದಾದ ಅತಿ ದೊಡ್ಡ ಅಂಶ ಇದು.

ಕೊನೆಯದಾಗಿ, ಯಾವಾಗ ನಿಲ್ಲಿಸಬೇಕು? ಗಡ್ಡೆ ಸಿಕ್ಕರೆ ಮುಂದಿನ ಹೆಜ್ಜೆ ಶಸ್ತ್ರಚಿಕಿತ್ಸೆ. ಹೃದಯ, ಶ್ವಾಸಕೋಶದ ಸ್ಥಿತಿ ಅಥವಾ ವಯಸ್ಸಿನಿಂದಾಗಿ ಅದನ್ನು ತಾಳಲಾರದವರಿಗೆ, ಅಥವಾ ಏನೇ ಸಿಕ್ಕರೂ ತಾವು ಕತ್ತರಿಸಿಕೊಳ್ಳುವುದಿಲ್ಲ ಎಂದು ನಿರ್ಧರಿಸಿದವರಿಗೆ ಸ್ಕ್ಯಾನ್ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಇದನ್ನು ಮೊದಲ ಸ್ಕ್ಯಾನಿಗೆ ಹೆಸರು ಬರೆಸುವ ದಿನವೇ ವೈದ್ಯರ ಜೊತೆ ಮಾತಾಡಿಕೊಂಡಿರಬೇಕು, ಏಕೆಂದರೆ ಗಂಟು ಕಂಡಮೇಲೆ ಶಾಂತವಾಗಿ ಯೋಚಿಸಲು ಸಮಯ ಸಿಗುವುದಿಲ್ಲ.